‘ಆಕ್ರಂದನ ಮುಗಿಲು ಮುಟ್ಟಿತ್ತು’ ಅಂತ ಬರೆಯುವ ಮುನ್ನ

ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ ‘ಕುಟುಂಬಸ್ಥರ ಆಕ್ರಂದನ ಮುಗಿಲು ಮುಟ್ಟಿತ್ತು’ ಎಂಬ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಲಾರಿ ಡಿಕ್ಕಿ ಹೊಡೆದರೆ ಆಕ್ರಂದನ, ಕೃಷಿ ಹೊಂಡಕ್ಕೆ ಮಗು ಬಿದ್ದರೆ ಆಕ್ರಂದನ, ಸಿಡಿಲು ಬಡಿದರೂ ಆಕ್ರಂದನ. ಎಷ್ಟೋ ಸಲ ನಾನು ಆ ಮನೆಗೆ ಹೋಗಿರಲೇ ಇಲ್ಲ. ಠಾಣೆಗೆ ಫೋನ್ ಮಾಡಿ ಹೆಸರು, ವಯಸ್ಸು, ಊರು ಬರೆದುಕೊಂಡು ಕೊನೆಗೆ ಈ ಸಾಲು ಅಂಟಿಸಿದರೆ ಸುದ್ದಿ ರೆಡಿ. ಡೆಸ್ಕಿನಲ್ಲಿ ಒಬ್ಬರೂ ‘ನೀನು ನೋಡಿದೆಯಾ?’ ಅಂತ ಕೇಳಲಿಲ್ಲ. ಓದುಗರೂ ಕೇಳಲಿಲ್ಲ.

ಆಮೇಲೆ ನಮ್ಮ ಮನೆಯಲ್ಲೇ ಸಾವಾಯಿತು. ಅವತ್ತು ಅಂಗಳದ ಈ ಕಡೆ ನಿಂತು ನೋಡಿದೆ. ಅವತ್ತಿನಿಂದ ಆ ಸಾಲು ಬರೆದಿಲ್ಲ. ಅದಷ್ಟೇ ಸಾಲದು, ಇದನ್ನು ನಮ್ಮ ಬ್ಯಾಚಿನವರಿಗೆ, ನಮ್ಮ ಹಿಂದೆ ಮುಂದೆ ಓದಿದವರಿಗೆ ಹೇಳಲೇಬೇಕು ಅನ್ನಿಸಿ ಈಗ ಬರೆಯುತ್ತಿದ್ದೇನೆ. ಕೆಲವರಿಗೆ ಸಿಟ್ಟು ಬರಬಹುದು. ಬರಲಿ.

ನನ್ನ ಕಾಕಾ ಹಾವೇರಿ ಜಿಲ್ಲೆಯ ಒಂದು ಸಣ್ಣ ಊರಿನವರು. ಸ್ವಂತದ್ದು ಎರಡು ಎಕರೆ, ಲಾವಣಿ ಹಾಕಿಕೊಂಡದ್ದು ಮೂರು ಎಕರೆ. ಗೋವಿನಜೋಳ, ಹತ್ತಿ. ಸೊಸೈಟಿ ಸಾಲ, ಸಂಘದ ಸಾಲ, ಅದರ ಮೇಲೆ ಕೈಗಡ. ಮುಂದಿನದ್ದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ನೀವೂ ಇಂಥ ಊರುಗಳಿಂದಲೇ ಬಂದವರು. ಅವರು ಆತ್ಮಹತ್ಯೆ ಮಾಡಿಕೊಂಡರು. ಊರಿನ ಹೆಸರು, ಅವರ ಹೆಸರು ಬರೆಯುವುದಿಲ್ಲ. ಚಿಗವ್ವನನ್ನು ಕೇಳಿದೆ. ‘ಬರಿ, ಹೆಸರು ಹಾಕಬ್ಯಾಡ’ ಅಂದಳು.

ಮರಣೋತ್ತರ ಪರೀಕ್ಷೆ ಮುಗಿಸಿ ಶವ ಮನೆಗೆ ತಂದು ಅರ್ಧ ಗಂಟೆಯೂ ಆಗಿರಲಿಲ್ಲ. ಭಜನಿ ಮಂದಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಬೈಕಿನ ಮೇಲೆ ಇಬ್ಬರು ಬಂದರು. ಒಬ್ಬನ ಕೈಯಲ್ಲಿ ಕ್ಯಾಮೆರಾ, ಇನ್ನೊಬ್ಬನ ಕೈಯಲ್ಲಿ ಲೋಗೋ ಇರುವ ಮೈಕ್. ಹೆಂಗಸರ ನಡುವೆ ದಾರಿ ಮಾಡಿಕೊಂಡು ಚಿಗವ್ವನ ಮುಂದೆ ಕುಕ್ಕರುಗಾಲಿನಲ್ಲಿ ಕುಂತು ಕೇಳಿದ: ‘ಅಮ್ಮಾ, ಈಗ ನಿಮಗೆ ಏನನ್ನಿಸ್ತಾ ಇದೆ?’

ಚಿಗವ್ವನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾಗುವಂಥದ್ದು ಅದರಲ್ಲಿ ಏನಿತ್ತು? ಗಂಡನ ಹೆಣ ಪಕ್ಕದಲ್ಲಿ ಇರುವಾಗ ಏನನ್ನಿಸುತ್ತದೆ ಎಂದು ನಮ್ಮ ಕಡೆ ಯಾರೂ ಯಾರನ್ನೂ ಕೇಳುವುದಿಲ್ಲ. ಆತ ಬಿಡಲಿಲ್ಲ. ‘ಮನೇಲಿ ಏನಾದ್ರೂ ಗಲಾಟೆ ಆಗಿತ್ತಾ?’ ಅಂದ. ಆಗ ಆಕೆ ಎದೆ ಎದೆ ಬಡಿದುಕೊಂಡು ಹೇಳಿದಳು: ‘ಹಿಂದಿನ ದಿನ ರಾತ್ರಿ ರೊಕ್ಕದ ಸಲುವಾಗಿ ಬೈದಿದ್ನಿರಿ. ನಾನ ಕೊಂದ್ನಿ ಅವರ್ನ.’

ಸಾಕಾಯಿತು. ಎದ್ದು ಹೋದರು. ಸಂಜೆಯ ಬುಲೆಟಿನ್ನಿನಲ್ಲಿ ಆ ಎರಡು ವಾಕ್ಯ ಮತ್ತೆ ಮತ್ತೆ ಬಂದವು, ಹಿಂದೆ ಒಂದು ದುಃಖದ ಸಂಗೀತದ ಜೊತೆ.

ಸಾವಿನ ಮನೆಯಲ್ಲಿ ‘ನಾನೇ ಕೊಂದೆ’ ಅನ್ನದವರು ಯಾರಿದ್ದಾರೆ? ಆಸ್ಪತ್ರೆಗೆ ಒಂದು ದಿನ ಮೊದಲೇ ಕರೆದುಕೊಂಡು ಹೋಗಿದ್ದರೆ ಅನ್ನುವ ಮಗ, ಬೈಕ್ ಕೊಡಿಸಬಾರದಿತ್ತು ಅನ್ನುವ ಅಪ್ಪ, ಅವತ್ತು ಬೈಯಬಾರದಿತ್ತು ಅನ್ನುವ ಹೆಂಡತಿ. ದುಃಖದ ಮೊದಲ ಮಾತೇ ಅದು. ನಮ್ಮ ಹೆಣ್ಣುಮಕ್ಕಳು ಹಾಡ್ಯಾಡಿ ಅಳುವಾಗ ಸತ್ತವರನ್ನು ಬೈಯುತ್ತಾರೆ, ದೇವರನ್ನು ಬೈಯುತ್ತಾರೆ, ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಮನೆಯ ಸಾಲ, ಜಗಳ, ಮದುವೆಯಾಗಿ ಬಂದ ದಿನ, ಕೊನೆಗೆ ಉಂಡ ರೊಟ್ಟಿ ಎಲ್ಲವೂ ಆ ಅಳುವಿನಲ್ಲಿ ಬರುತ್ತದೆ. ಸುತ್ತ ಕುಂತವರು ಅದನ್ನು ಸಾಕ್ಷಿ ಅಂತ ಕೇಳಿಸಿಕೊಳ್ಳುವುದಿಲ್ಲ. ಅಳು ಅಂತ ಕೇಳಿಸಿಕೊಳ್ಳುತ್ತಾರೆ, ಹೆಗಲು ಕೊಡುತ್ತಾರೆ, ಕೇಳಿದ್ದನ್ನು ಅಲ್ಲೇ ಬಿಟ್ಟು ಏಳುತ್ತಾರೆ.

ಕ್ಯಾಮೆರಾ ಮಾತ್ರ ಅದನ್ನು ಅಲ್ಲಿ ಬಿಡದೆ ಎತ್ತಿಕೊಂಡು ಹೋಯಿತು.

ಅದರಿಂದ ಏನಾಯಿತು ಎಂಬುದನ್ನೂ ಹೇಳುತ್ತೇನೆ. ರೈತ ಆತ್ಮಹತ್ಯೆ ಪ್ರಕರಣಗಳಲ್ಲಿ ಪರಿಹಾರ ಸಿಗಬೇಕಾದರೆ ಸಾವು ಕೃಷಿ ಸಾಲದಿಂದಲೇ ಆಯಿತು ಎಂದು ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ ಒಪ್ಪಬೇಕು. ಎಫ್‌ಐಆರ್, ಮರಣೋತ್ತರ ವರದಿ, ಪಹಣಿ, ಸಾಲದ ಕಾಗದ ಎಲ್ಲ ಬೇಕು. ಲಾವಣಿ ಹೊಲದ ಪಹಣಿಯಲ್ಲಿ ಕಾಕಾನ ಹೆಸರು ಇರಲಿಲ್ಲ, ಕೈಗಡಕ್ಕೆ ಕಾಗದ ಇರಲಿಲ್ಲ. ಅದರ ಜೊತೆಗೆ ‘ಟಿವಿಯಲ್ಲಿ ಬೇರೆಯೇ ಹೇಳಿದ್ದೀರಲ್ಲಮ್ಮ, ಮನೆಯ ಜಗಳ ಅಂತ’ ಎಂಬ ಮಾತು ಕಚೇರಿಯೊಂದರಲ್ಲಿ ಬಂತು. ಮೊದಲ ಸಲ ಅರ್ಜಿ ತಿರಸ್ಕೃತವಾಯಿತು. ಅದಕ್ಕೆ ಆ ಕ್ಲಿಪ್ಪೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಕಾಗದಗಳೂ ಕಡಿಮೆ ಇದ್ದವು. ಮತ್ತೆ ಅರ್ಜಿ ಹಾಕಿ, ಅಲೆದು, ಒಂದೂವರೆ ವರ್ಷದ ಮೇಲೆ ಹಣ ಬಂತು.

ಹಣ ಬಂತು, ಕ್ಲಿಪ್ ಹೋಗಲಿಲ್ಲ. ಅದು ಯೂಟ್ಯೂಬಿನಲ್ಲಿ ಈಗಲೂ ಇದೆ. ಕಾಕಾ ಸತ್ತಾಗ ಐದನೇ ಕ್ಲಾಸಿನಲ್ಲಿದ್ದ ಮಗಳು ಪಿಯುಸಿಗೆ ಬಂದಾಗ ಯಾರದೋ ಮೊಬೈಲಿನಲ್ಲಿ ನೋಡಿದಳು. ಮನೆಗೆ ಬಂದು ಕೇಳಿದಳಂತೆ: ‘ಯವ್ವಾ, ನಾನ ಕೊಂದ್ನಿ ಅಂತ ಯಾಕ ಅಂದಿ?’ ಚಿಗವ್ವ ಇದನ್ನು ನನಗೆ ಹೇಳುವಾಗ ಅಳಲಿಲ್ಲ. ‘ಏನಂತ ಹೇಳ್ಲಿ ಆಕೀಗೆ’ ಅಂದಳು, ಅಷ್ಟೇ.

ಗೆಳೆಯರೇ, ನನ್ನ ವಾದ ಇಷ್ಟು. ಸಾವು ಸುದ್ದಿ. ಸಾವಿನ ಕಾರಣ ಸುದ್ದಿ. ಸತ್ತ ಮೇಲೆ ಕಚೇರಿಗಳು ಏನು ಮಾಡಿದವು, ಏನು ಮಾಡಲಿಲ್ಲ ಎಂಬುದು ದೊಡ್ಡ ಸುದ್ದಿ. ಆದರೆ ಸತ್ತವರ ಮನೆಯವರ ಅಳು ಸುದ್ದಿಯಲ್ಲ. ಅದು ಅವರದ್ದು. ಅದನ್ನು ಕೇಳದೆ ಎತ್ತಿಕೊಂಡು ಹೋಗುವುದು ಕಳ್ಳತನ.

ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ ‘ಮಾತಾಡ್ಸಾಕ ಹೋಗೂದು’ ಅಂತಾರೆ. ‘ಅವರ ಮನೀಗೆ ಹೋಗಿ ಮಾತಾಡಿಸಿ ಬಂದ್ರೇನು?’ ಅಂತ ಕೇಳಿದರೆ ಯಾರೋ ತೀರಿಕೊಂಡಿದ್ದಾರೆ ಅಂತಲೇ ಅರ್ಥ. ವಿಚಿತ್ರ ನೋಡಿ, ನಮ್ಮ ವೃತ್ತಿಯಲ್ಲೂ ಅದೇ ಪದ ಇದೆ. ‘ಕುಟುಂಬದವರನ್ನ ಮಾತಾಡಿಸಿದ್ಯಾ?’ ಅಂತ ಬ್ಯೂರೋದವರು ಕೇಳುತ್ತಾರೆ. ಪದ ಒಂದೇ, ಮಾಡುವ ಕೆಲಸ ತದ್ವಿರುದ್ಧ.

ಊರವರು ಮಾತಾಡಿಸಲು ಹೋದಾಗ ಹೆಚ್ಚು ಮಾತಾಡುವುದೇ ಇಲ್ಲ. ಹೋಗಿ ಕಟ್ಟೆಯ ಮೇಲೆ ಕೂರುತ್ತಾರೆ. ‘ಹೆಂಗಾತು?’ ಅಂತ ಒಂದು ಮಾತು. ಮನೆಯವರು ಮೊದಲಿನಿಂದ ಹೇಳುತ್ತಾರೆ. ಇನ್ನೊಬ್ಬರು ಬಂದರೆ ಮತ್ತೆ ಮೊದಲಿನಿಂದ. ಹತ್ತು ದಿನದಲ್ಲಿ ನೂರು ಸಲ ಹೇಳಿ ಹೇಳಿ ಆ ಸಾವು ನಿಜ ಅಂತ ಅವರಿಗೇ ಗೊತ್ತಾಗುತ್ತದೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಗೊತ್ತಿದ್ದು ನೆರೆಯವರು ರೊಟ್ಟಿ, ಪಲ್ಯ, ಅನ್ನದ ಬುತ್ತಿ ತರುತ್ತಾರೆ. ಎದ್ದು ಹೋಗುವಾಗ ‘ಹೋಗಿ ಬರ್ತೀನಿ’ ಅನ್ನುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಮೂರನೇ ದಿನ ಹಾಲು ತುಪ್ಪ ಬಿಡುವುದು, ಹನ್ನೊಂದನೇ ದಿನದ ಊಟ, ಇವೆಲ್ಲ ದೇವರ ಲೆಕ್ಕಕ್ಕೋ ಅಲ್ಲವೋ ನನಗೆ ಬೇಕಾಗಿಲ್ಲ. ದುಃಖದಲ್ಲಿ ಇರುವವರನ್ನು ಒಬ್ಬಂಟಿ ಬಿಡಬಾರದು ಅನ್ನುವ ಲೆಕ್ಕ ಅದರಲ್ಲಿ ಸ್ಪಷ್ಟವಾಗಿ ಇದೆ.

ಇದನ್ನು ನಾವು ಕಾಲೇಜಿಗೆ ಹೋಗಿ ಕಲಿಯಬೇಕಾಗಿರಲಿಲ್ಲ, ಮನೆಯಲ್ಲೇ ಕಲಿತಿದ್ದೆವು. ನಗರದಲ್ಲಿ ಬೆಳೆದ ವರದಿಗಾರನಿಗೆ ಇದು ತಿಳಿಯದಿದ್ದರೆ ಒಂದು ಮಾತು. ಹಳ್ಳಿಯ ಮಕ್ಕಳಾದ ನಾವೇ ಮೈಕ್ ಕೈಗೆ ಬಂದ ದಿನ ಇದನ್ನೆಲ್ಲ ಮರೆತೆವಲ್ಲ, ನನಗೆ ಸಿಟ್ಟು ಇರುವುದು ಅದಕ್ಕೆ. ಕಾಕಾನ ಮನೆಗೆ ಬಂದವನೂ ಹಳ್ಳಿಯ ಹುಡುಗನೇ. ಪಕ್ಕದ ತಾಲೂಕಿನವನು. ಅವನ ಮನೆಯಲ್ಲಿ ಸಾವಾದರೂ ಇದೇ ರೀತಿ ಬುತ್ತಿ ಬರುತ್ತದೆ.

ಇದಕ್ಕೆ ನಮ್ಮವರು ಕೊಡುವ ಸಮರ್ಥನೆಗಳು ನನಗೆ ಗೊತ್ತು, ನಾನೂ ಕೊಟ್ಟಿದ್ದೇನೆ. ಒಂದೊಂದಾಗಿ ನೋಡೋಣ.

ಮೊದಲನೆಯದು: ‘ಮೇಲಿನವರು ಕೇಳ್ತಾರೆ, ನಾವೇನು ಮಾಡೋಣ?’ ಇದು ಪೂರ್ತಿ ಸುಳ್ಳಲ್ಲ. ‘ಬರೀ ಊರವರು ನಿಂತಿರೋ ವಿಷುವಲ್ ಕಳಿಸಿದೀಯ, ಹೆಂಡ್ತಿ ಬೈಟ್ ಎಲ್ಲಿ?’ ಅಂತ ಫೋನ್ ಬರುತ್ತದೆ. ತಾಲೂಕಿನ ಸ್ಟ್ರಿಂಗರ್‌ಗೆ ಸಂಬಳ ಇಲ್ಲ, ಪ್ರಸಾರವಾದ ಐಟಂ ಲೆಕ್ಕಕ್ಕೆ ಹಣ. ಪೆಟ್ರೋಲ್ ಅವನದ್ದೇ. ಅಳುವ ಶಾಟ್ ಇಲ್ಲದ ಸುದ್ದಿ ಬಿದ್ದುಹೋದರೆ ಆ ದಿನದ ದುಡಿಮೆ ಹೋಯಿತು. ಹಾಗಾಗಿ ನಾನು ಎಲ್ಲ ತಪ್ಪನ್ನೂ ಆ ಹುಡುಗನ ತಲೆಗೆ ಕಟ್ಟುವುದಿಲ್ಲ. ಎಸಿ ರೂಮಿನಲ್ಲಿ ಕುಂತು ಬೈಟ್ ಕೇಳುವವರು, ಅದಕ್ಕೆ ಸಂಗೀತ ಹಾಕುವವರು, ಅದನ್ನು ನೋಡಿ ಶೇರ್ ಮಾಡುವವರು ಎಲ್ಲರಿಗೂ ಪಾಲಿದೆ. ಆದರೆ ‘ಅವರು ಮಾತಾಡೋ ಸ್ಥಿತೀಲಿಲ್ಲ ಸರ್’ ಎಂದು ಹೇಳುವುದಕ್ಕೆ ಖರ್ಚಿಲ್ಲ. ನಾನು ಹೇಳಿದ್ದೇನೆ. ಬೈಸಿಕೊಂಡಿದ್ದೇನೆ. ಕೆಲಸ ಹೋಗಿಲ್ಲ.

ಎರಡನೆಯದು: ‘ಕ್ಯಾಮೆರಾ ಹೋದರೇನೇ ಅಧಿಕಾರಿಗಳು ಬರೋದು, ಪರಿಹಾರ ಸಿಗೋದು. ನಾವು ಅವರಿಗೆ ಸಹಾಯಾನೇ ಮಾಡ್ತಿದೀವಿ.’ ಇದು ಹೆಚ್ಚು ಗಟ್ಟಿಯಾದ ವಾದ. ಅದಕ್ಕೇ ಇದನ್ನು ಸರಿಯಾಗಿ ನೋಡಬೇಕು.

ಹೌದು, ಕ್ಯಾಮೆರಾ ಕೆಲಸ ಮಾಡಿದ ಉದಾಹರಣೆಗಳಿವೆ. 2020ರ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ಶವಗಳನ್ನು ಒಂದೇ ಗುಂಡಿಗೆ ಎಸೆದ ವಿಡಿಯೊ ಹೊರಬಂತು. ಜಿಲ್ಲಾಡಳಿತ ಕ್ಷಮೆ ಕೇಳಬೇಕಾಯಿತು. ಆ ವಿಡಿಯೊ ಇಲ್ಲದಿದ್ದರೆ ಗುಂಡಿ ಮುಚ್ಚಿ ಎಲ್ಲರೂ ಮನೆಗೆ ಹೋಗುತ್ತಿದ್ದರು. ಆದರೆ ಆ ಕ್ಯಾಮೆರಾ ಯಾರ ಕಡೆ ತಿರುಗಿತ್ತು? ಹೆಣ ಎಸೆದವರ ಕಡೆ. ಅಳುವವರ ಕಡೆ ಅಲ್ಲ.

2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಒಂದೇ ರಾತ್ರಿ ಸಾಲುಸಾಲಾಗಿ ಜನ ಸತ್ತರು. 24 ಸಾವು ಎಂದು ಸುದ್ದಿಯಾಯಿತು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಸರ್ಕಾರದ ಕಡೆಯಿಂದ ಮೊದಲಿಗೆ ಹೇಳಿಕೆ ಬಂತು. ಹೈಕೋರ್ಟ್ ನೇಮಿಸಿದ ಸಮಿತಿಯ ವರದಿಯಲ್ಲಿ ಆ ಸಂಖ್ಯೆ ಮೂರಕ್ಕಿಂತ ಬಹಳ ದೊಡ್ಡದಿತ್ತು. ಅಂಥ ಸಮಯದಲ್ಲಿ ಮನೆಯವರ ಮಾತು ಬೇಕೇ ಬೇಕು. ಎಷ್ಟು ಗಂಟೆಗೆ ಫೋನ್ ಮಾಡಿದರು, ಏನು ಹೇಳಿದರು, ಯಾವಾಗ ಸಿಲಿಂಡರ್ ಖಾಲಿಯಾಯಿತು ಎಂಬುದು ಅವರಿಗೇ ಗೊತ್ತು. ಆ ಮಾತುಗಳನ್ನು ಕೂತು ಕೇಳಿ ಬರೆದುಕೊಂಡ ವರದಿಗಾರರು ಒಳ್ಳೆಯ ಕೆಲಸ ಮಾಡಿದರು. ಅವರು ಕೇಳಿದ್ದು ‘ಏನಾಯಿತು?’ ಅಂತ. ‘ಏನನ್ನಿಸ್ತಿದೆ?’ ಅಂತ ಕೇಳಿದವರು ಆ ರಾತ್ರಿಯ ಬಗ್ಗೆ ಒಂದು ಸಂಗತಿಯನ್ನೂ ಹೊರಗೆ ತರಲಿಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮಗನ ಸಮಾಧಿಯನ್ನು ತಬ್ಬಿಕೊಂಡು ಮಲಗಿ ಅತ್ತ ಅಪ್ಪನೊಬ್ಬರ ವಿಡಿಯೊ ನೀವೆಲ್ಲ ನೋಡಿದ್ದೀರಿ. ನಾನೂ ನೋಡಿದೆ, ಅತ್ತೆ. ಅದು ಇಡೀ ದೇಶ ಸುತ್ತಿತು. ಆ ವಿಡಿಯೊದಿಂದ ನಮಗೆ ಗೊತ್ತಾದ ಹೊಸ ಸಂಗತಿ ಏನು? ಮಗ ಸತ್ತರೆ ಅಪ್ಪ ಅಳುತ್ತಾನೆ ಎಂಬುದು ನಮಗೆ ಮೊದಲೇ ಗೊತ್ತಿರಲಿಲ್ಲವೇ? ಅನುಮತಿ ಯಾರು ಕೊಟ್ಟರು, ಗೇಟ್ ಯಾಕೆ ಮುಚ್ಚಿತ್ತು, ಅಷ್ಟು ಜನ ಬರುತ್ತಾರೆಂದು ಗೊತ್ತಿದ್ದೂ ಪೊಲೀಸ್ ವ್ಯವಸ್ಥೆ ಯಾಕೆ ಸಾಲಲಿಲ್ಲ ಎಂಬ ಪ್ರಶ್ನೆಗಳಿಗೆ ಆ ಸಮಾಧಿಯ ಬಳಿ ಉತ್ತರ ಇರಲಿಲ್ಲ. ಆ ಉತ್ತರ ಕಚೇರಿಗಳಲ್ಲಿ ಇತ್ತು. ಆದರೆ ಅಧಿಕಾರಿಯ ಮುಂದೆ ಮೈಕ್ ಹಿಡಿದರೆ ಆತ ‘ನೋ ಕಾಮೆಂಟ್ಸ್’ ಎಂದು ಕಾರು ಹತ್ತುತ್ತಾನೆ. ಅಳುವವರು ಕಾರು ಹತ್ತಿ ಹೋಗಲಾರರು. ನಾವು ಅವರ ಹತ್ತಿರ ಹೋಗುವುದು ಅದಕ್ಕೇ. ಇದನ್ನು ಧೈರ್ಯ ಅಂತ ಕರೆದುಕೊಳ್ಳುವುದು ಬೇಡ.

ಮೂರನೆಯದು: ‘ಜನರೇ ನೋಡ್ತಾರಲ್ಲ.’ ಹೌದು, ನೋಡುತ್ತಾರೆ. ಎರಡು ನಿಮಿಷ ನೋಡಿ ಮುಂದಿನ ವಿಡಿಯೊಕ್ಕೆ ಹೋಗುತ್ತಾರೆ. ದಿನಾ ನೋಡಿ ನೋಡಿ ಒಂದು ದಿನ ಅನುಮಾನ ಪಡಲು ಶುರು ಮಾಡುತ್ತಾರೆ. ‘ದುಡ್ಡಿಗೋಸ್ಕರ ಅಳ್ತಾರೆ’ ಅನ್ನುವ ಕಾಮೆಂಟ್ ಓದಿಲ್ಲವೇ ನೀವು? 2015ರಲ್ಲಿ ರಾಜ್ಯದಲ್ಲಿ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿದರು. 2023ರಲ್ಲಿ ಸಚಿವರೊಬ್ಬರು, ಪರಿಹಾರದ ಮೊತ್ತ ಏರಿದ ಮೇಲೆ ರೈತ ಆತ್ಮಹತ್ಯೆಯ ಲೆಕ್ಕ ಏರಿದೆ ಎಂಬ ಅರ್ಥ ಬರುವ ಹಾಗೆ ಮಾತಾಡಿ ಬೈಸಿಕೊಂಡರು. ಬೈದದ್ದು ಸರಿಯೇ. ಆದರೆ ಆ ಮಾತು ಹುಟ್ಟಲು ನಾವೂ ನೆಲ ಹದ ಮಾಡಿದ್ದೇವೆ. ಅಳುವ ಮುಖ, ಅದರ ಪಕ್ಕ ಚೆಕ್ ಕೊಡುವ ಶಾಸಕರು, ಇಷ್ಟನ್ನೇ ತೋರಿಸಿದರೆ ನೋಡುವವನು ಅಳುವನ್ನೂ ಚೆಕ್ಕನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತಾನೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಕೃಷಿಯನ್ನು ನಂಬಿದ 11,290 ಜನ ಆತ್ಮಹತ್ಯೆ ಮಾಡಿಕೊಂಡರು. ಅದರಲ್ಲಿ ಕರ್ನಾಟಕದವರು 2,392. ಮಹಾರಾಷ್ಟ್ರ ಬಿಟ್ಟರೆ ನಮ್ಮದೇ. ಅಂದರೆ ದಿನಕ್ಕೆ ಆರಕ್ಕಿಂತ ಹೆಚ್ಚು ಮನೆ. ಆ ಮನೆಗಳಲ್ಲಿ ಅತ್ತದ್ದು ಸಾಕಷ್ಟು ಪ್ರಸಾರವಾಗಿದೆ. ಅವರಲ್ಲಿ ಎಷ್ಟು ಜನ ಲಾವಣಿ ರೈತರು, ಎಷ್ಟು ಅರ್ಜಿ ತಿರಸ್ಕೃತವಾದವು, ಯಾಕೆ ತಿರಸ್ಕೃತವಾದವು ಎಂಬುದು ನಮ್ಮ ತಾಲೂಕಿನ ಪೇಜಿನಲ್ಲಿ ಎಷ್ಟು ಸಲ ಬಂದಿದೆ? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಮ್ಮಲ್ಲಿ ಎಷ್ಟು ಜನ ಹಾಕಿದ್ದೇವೆ?

ನಿಯಮ ಇಲ್ಲ ಅಂತಲೂ ಅಲ್ಲ. ವೈಯಕ್ತಿಕ ದುಃಖದ ಗಳಿಗೆಗಳಲ್ಲಿ ಫೋಟೊ ಹಿಡಿದು ನುಗ್ಗಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿಯ ನೀತಿ ಸೂತ್ರಗಳಲ್ಲೇ ಇದೆ. ನಾವು ಪರೀಕ್ಷೆಗೆ ಓದಿದ್ದೆವು, ಐದು ಅಂಕದ ಟಿಪ್ಪಣಿಗೆ. ಆತ್ಮಹತ್ಯೆಯ ಸುದ್ದಿಯನ್ನು ಹೇಗೆ ಬರೆಯಬೇಕು, ಏನು ಬರೆಯಬಾರದು ಎಂದು ಮಂಡಳಿ 2019ರಲ್ಲಿ ಬೇರೆಯಾಗಿ ಮಾರ್ಗಸೂಚಿ ಕೊಟ್ಟಿದೆ. ಮನೆಯವರನ್ನು ಮಾತಾಡಿಸುವಾಗ ಬಹಳ ಎಚ್ಚರ ಬೇಕು, ಆ ಸಮಯದಲ್ಲಿ ಅವರೇ ಅಪಾಯದಲ್ಲಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆ ಹೇಳಿದೆ. ಚಿಗವ್ವನನ್ನು ಆ ಒಂದು ವರ್ಷ ನಾವು ಒಬ್ಬಳನ್ನೇ ಬಿಡುತ್ತಿರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳುವುದಿಲ್ಲ. ಆ ಕ್ಲಿಪ್ ತೆಗೆದವನಿಗೆ ಅದು ಗೊತ್ತಿರಲಿಕ್ಕಿಲ್ಲ. ಗೊತ್ತು ಮಾಡಿಕೊಳ್ಳಲು ಅವನು ಮತ್ತೆ ಬರಲಿಲ್ಲ.

ಮತ್ತೆ ಬರಲಿಲ್ಲ ಎಂಬುದೇ ನನ್ನ ದೊಡ್ಡ ದೂರು. ಮೊದಲ ದಿನ ಬರುವುದಕ್ಕೆ ಬೈಕ್ ಇತ್ತು. ಹನ್ನೊಂದು ದಿನ ಆದ ಮೇಲೆ, ನೆಂಟರೆಲ್ಲ ಹೋದ ಮೇಲೆ, ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದಾಗ, ಚಿಗವ್ವ ಫೈಲ್ ಹಿಡಿದು ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಕುಂತಾಗ ಒಬ್ಬ ವರದಿಗಾರನೂ ಬರಲಿಲ್ಲ. ಆಗ ಆಕೆಗೆ ಹೇಳಲು ಬೇಕಾದಷ್ಟು ಮಾತಿತ್ತು. ಅಳುವಿನ ಮಾತಲ್ಲ, ಸರಿಯಾದ ಮಾತು. ಯಾವ ಗುಮಾಸ್ತ ಯಾವ ಕಾಗದ ಕೇಳಿದ, ಎಷ್ಟು ಸಲ ವಾಪಸ್ ಕಳಿಸಿದ, ಬಸ್ ಚಾರ್ಜಿಗೆ ಎಷ್ಟು ಹೋಯಿತು ಎಲ್ಲ ಬೆರಳ ಮೇಲೆ ಲೆಕ್ಕ ಇತ್ತು. ಅದು ಸುದ್ದಿಯಾಗಿತ್ತು. ಯಾರೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ, ನಮ್ಮ ಮನೆಯದ್ದು ಅಂತ ಸಂಕೋಚಪಟ್ಟೆ. ಆ ತಪ್ಪು ನನ್ನದು.

ಹಾಗಾದರೆ ಏನು ಮಾಡಬೇಕು ಅಂತ ಕೇಳುವವರಿಗೆ ನಾನು ಮಾಡುತ್ತಿರುವುದನ್ನು ಹೇಳುತ್ತೇನೆ. ಹೆಣ ಮನೆಯಲ್ಲಿರುವಾಗ ಅಂಗಳದೊಳಗೆ ಕ್ಯಾಮೆರಾ ಒಯ್ಯುವುದಿಲ್ಲ. ಅವತ್ತಿನ ಸುದ್ದಿಗೆ ಬೇಕಾದ ವಿವರ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಕೃಷಿ ಇಲಾಖೆಯಲ್ಲಿ, ಊರಿನ ಹಿರಿಯರ ಹತ್ತಿರ ಸಿಗುತ್ತದೆ. ಮನೆಯವರ ಮಾತು ಬೇಕೇ ಬೇಕಾದರೆ ದೂರದ ನೆಂಟರೊಬ್ಬರ ಮೂಲಕ ಕೇಳುತ್ತೇನೆ, ಬೇಡ ಅಂದರೆ ವಾಪಸ್. ಸಿಟ್ಟಿನಲ್ಲಿ, ಅಳುವಿನಲ್ಲಿ ಆಡಿದ ಮಾತನ್ನು ಬರೆಯುವುದಿಲ್ಲ, ಅದು ಎಷ್ಟೇ ‘ಸ್ಟ್ರಾಂಗ್’ ಆಗಿದ್ದರೂ. ಹನ್ನೊಂದು ದಿನ ಕಳೆದ ಮೇಲೆ ಮತ್ತೆ ಹೋಗುತ್ತೇನೆ. ಮೂರು ತಿಂಗಳಿಗೆ ಇನ್ನೊಮ್ಮೆ. ಕೆಲವರು ಬಾಗಿಲಲ್ಲೇ ಬೈದು ಕಳಿಸಿದ್ದಾರೆ. ಹೆಚ್ಚಿನವರು ಚಹಾ ಕೊಟ್ಟು ಕೂರಿಸಿ, ಫೈಲ್ ತಂದು ಮುಂದಿಟ್ಟಿದ್ದಾರೆ.

ಹಳೆಯ ಕ್ಲಿಪ್ಪುಗಳ ವಿಷಯವೂ ಇದೆ. ನಿಮ್ಮಲ್ಲಿ ಹಲವರು ಈಗ ಡೆಸ್ಕಿನಲ್ಲಿ, ಡಿಜಿಟಲ್ ವಿಭಾಗದಲ್ಲಿ ಇದ್ದೀರಿ. ಅಳಿಸುವ ಬಟನ್ ನಿಮ್ಮ ಕೈಯಲ್ಲಿದೆ, ಅಥವಾ ಅದು ಇರುವವರ ಪಕ್ಕದ ಕುರ್ಚಿಯಲ್ಲಿ ನೀವಿದ್ದೀರಿ. ಸತ್ತವರ ಮನೆಯವರು ತೆಗೆಯಿರಿ ಅಂತ ಕೇಳಿದರೆ ತೆಗೆಯಿರಿ. ಕೇಳಲು ಅವರಿಗೆ ನಿಮ್ಮ ಇಮೇಲ್ ವಿಳಾಸ ಗೊತ್ತಿರುವುದಿಲ್ಲ, ಆದ್ದರಿಂದ ಕೇಳದಿದ್ದರೂ ಒಮ್ಮೆ ಹುಡುಕಿ ನೋಡಿ. ಚಿಗವ್ವನ ಕ್ಲಿಪ್ ತೆಗೆಸಲು ನಾನು ಎರಡು ಸಲ ಬರೆದಿದ್ದೇನೆ. ಉತ್ತರ ಬಂದಿಲ್ಲ. ಮೂರನೇ ಸಲ ಬರೆಯುತ್ತೇನೆ.

ಇದನ್ನು ಓದುತ್ತಿರುವ ಯಾರಿಗಾದರೂ ಮನಸ್ಸು ತೀರಾ ಭಾರವಾಗಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಊರಿನಲ್ಲಿ ಇತ್ತೀಚೆಗೆ ಸಾವಾದ ಮನೆ ಇದ್ದರೆ ಈ ವಾರ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ. ಮೊಬೈಲ್ ಜೇಬಿನಲ್ಲೇ ಇರಲಿ.